ಭಾನುವಾರ ನಗುವವರು

ಮಾರ್ಚ್ 3

ಅಕ್ಕನಿಗೆ ನಮಸ್ಕಾರ.

ಮೊನ್ನೆ ನಾನು ಮಾತು ಮುಗಿಸುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. "ಫೋನಲ್ಲಿ ನೀನು ವಾರ್ಡನ್ ಆಗ್ಬಿಡ್ತೀಯ. ನಾನು ನಿನ್ನ ಹಾಸ್ಟೆಲ್ ಹುಡುಗಿ ಅಲ್ಲ. ಹೇಳೋದಿದ್ರೆ ಬರೆದು ಕಳಿಸು, ಓದ್ತೀನಿ" ಎಂದೆ. ಆಯಿತು, ಬರೆಯುತ್ತಿದ್ದೇನೆ. ಕಾಗದವನ್ನಾದರೂ ಅರ್ಧಕ್ಕೆ ನಿಲ್ಲಿಸಬೇಡ.

ನಿಮ್ಮ ಮನೆಯ ದೊಡ್ಡವರು ನನಗೆ ಫೋನ್ ಮಾಡಿದ್ದರು. ಭಾವನ ಅಣ್ಣ ಎಂಬ ಮರ್ಯಾದೆಗೆ ನಾನು ಎದ್ದು ನಿಂತೇ ಮಾತನಾಡಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನೋಡಮ್ಮ, ಭಾನುವಾರ ಸಂಜೆ ಆಯ್ತು ಅಂದ್ರೆ ನಿಮ್ಮಕ್ಕ ರೂಮಿನ ಬಾಗಿಲು ಹಾಕ್ಕೊಂಡು ಫೋನ್ ಮುಂದೆ ಕೂತು ನಗ್ತಾಳೆ. ಕೆಳಗೆ ಅಂಗಡೀಲಿ ಗಿರಾಕಿಗಳು ಸೋಫಾ ನೋಡ್ತಿರ್ತಾರೆ, ಮೇಲಿಂದ ನಗು ಬರುತ್ತೆ. ನನ್ನ ತಮ್ಮ ಹೋಗಿ ಆರು ತಿಂಗಳು ತುಂಬಿಲ್ಲ. ನಾನು ಯಾರಿಗೆ ಏನಂತ ಹೇಳ್ಲಿ?"

ಮೊದಲು ನಾನು ನಂಬಲಿಲ್ಲ. ನೀನು ನಗುವುದೇ ಅಪರೂಪ. ಚಿಕ್ಕಂದಿನಲ್ಲಿ ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವಳು. ಆಮೇಲೆ ಅವರು ಕಂಡಕ್ಟರ್ ಎಂಬ ಒಬ್ಬರ ಹೆಸರು ಹೇಳಿದರು. ಅದನ್ನು ಕೇಳಿ ಹೆದರಿದೆ.

ಅಕ್ಕ, ಫೋನಿನಲ್ಲಿ ಸೇರುವ ಆ ಗುಂಪು ಭಾವನದು. ಅವರೊಂದಿಗೇ ಮುಗಿಯಿತು ಎಂದುಕೊಂಡು ಬಿಟ್ಟುಬಿಡು. ದೊಡ್ಡವರ ಅಂಗಡಿಯ ಮೇಲಿನ ರೂಮಿನಲ್ಲಿ ಇರುವವಳು ನೀನು. ಅವರ ಸೋಫಾಗಳಿಗೆ ಕವರ್ ಹೊಲಿದು ಬದುಕುವವಳು. ನೀರಿನಲ್ಲಿದ್ದು ಮೊಸಳೆಯ ಜೊತೆ ಯಾಕೆ ಜಗಳ?

ಊಟ ಸರಿಯಾಗಿ ಮಾಡು.

ನಿನ್ನ ತಂಗಿ


ಮಾರ್ಚ್ 11

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂತು. ಹಾಸ್ಟೆಲಿನ ನೋಟೀಸ್ ಬೋರ್ಡಿಗೆ ಬರೆದ ಹಾಗಿತ್ತು. ಆದರೂ ನಿನ್ನ ಅಕ್ಷರ ನೋಡಿ ಸಂತೋಷವಾಯಿತು.

ಹೌದು, ನಗುತ್ತೇನೆ. ದೊಡ್ಡವರು ಸುಳ್ಳು ಹೇಳಿಲ್ಲ.

ಯಾರ ಜೊತೆ ನಗುತ್ತೇನೆ ಎಂದು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆ ಗುಂಪಿಗೆ ಕಟ್ಟೆ ಎಂದು ಹೆಸರು. ಇಟ್ಟವರು ಇವರೇ, ನಿನ್ನ ಭಾವ. ಮರಕ್ಕೆ ಹಾಕುವ ಅಂಟಿನ ಬಗ್ಗೆ ಇವರು ಎಲ್ಲೋ ಇಂಟರ್ನೆಟ್ಟಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಯಾವುದೋ ಊರಿನ ಲಿಫ್ಟ್ ರಿಪೇರಿಯವನು ಉತ್ತರ ಕೊಟ್ಟ. ಉತ್ತರ ತಪ್ಪು ಎಂದು ಇವರು ಜಗಳಕ್ಕೆ ನಿಂತರು. ಆ ಜಗಳವೇ ಬೆಳೆದು ಸ್ನೇಹವಾಯಿತು. ಆಮೇಲೆ ಒಬ್ಬರು ಹಲ್ಲಿನ ಡಾಕ್ಟರಮ್ಮ ಸೇರಿದರು, ಮುರಿದ ಕುರ್ಚಿ ಸರಿಮಾಡುವುದನ್ನು ಕಲಿಯಲು. ಇನ್ನು ನೀನು ಹೆದರಿದ ಕಂಡಕ್ಟರು. ಬಸ್ಸಿನ ಕೆಲಸದಿಂದ ನಿವೃತ್ತರಾದವರು, ಮೊಮ್ಮಕ್ಕಳಿಗೆ ಮದುವೆ ಮಾಡಿದವರು. ಅವರು ದಾರಿ ತಪ್ಪಿ ಬಂದದ್ದು. ಯಾವುದೋ ಲಿಂಕ್ ಒತ್ತಿ ಒಳಗೆ ಬಂದು, "ಇದು ಪಿಂಚಣಿ ವಿಚಾರದ ಮೀಟಿಂಗ್ ಅಲ್ವಾ?" ಎಂದರಂತೆ. ಅಲ್ಲ ಎಂದರೂ ಇಳಿಯಲಿಲ್ಲ.

ಗುಂಪಿನವರು ಯಾರೂ ಒಬ್ಬರನ್ನೊಬ್ಬರು ಎದುರಿಗೆ ಕಂಡಿಲ್ಲ. ಭಾನುವಾರ ಸಂಜೆ ಐದಕ್ಕೆ ಫೋನಿನಲ್ಲಿ ಸೇರುತ್ತಾರೆ. ಒಂದು ಆಟ ಇದೆ, ಇವರು ಮಾಡಿದ್ದು. ಮನೆಯ ಯಾವುದಾದರೂ ವಸ್ತುವನ್ನು ಕ್ಯಾಮೆರಾಕ್ಕೆ ಅಂಟಿಸಿದ ಹಾಗೆ ಹಿಡಿಯಬೇಕು. ಉಳಿದವರು ಅದೇನೆಂದು ಹೇಳಬೇಕು. ತೀರ ಹತ್ತಿರ ಹಿಡಿದರೆ ದಿನಾ ನೋಡುವ ವಸ್ತುವೂ ಗುರುತು ಸಿಗುವುದಿಲ್ಲ. ಡಾಕ್ಟರಮ್ಮ ಹಲ್ಲಿನ ಅಚ್ಚು ಹಿಡಿದಾಗ ನಾವೆಲ್ಲ ಬೆಟ್ಟ ಬೆಟ್ಟ ಎಂದು ಕೂಗಿದೆವು. ಕೆಲವು ವಾರ ಒಂದೇ ಹಳೆಯ ಸಿನಿಮಾವನ್ನು ಎಲ್ಲರೂ ಅವರವರ ಮನೆಯಲ್ಲಿ ಒಂದೇ ಹೊತ್ತಿಗೆ ಹಾಕಿ ನೋಡುತ್ತೇವೆ. ಸಿನಿಮಾಗಿಂತ ನಮ್ಮ ಮಾತೇ ಹೆಚ್ಚು. ಕೆಲವು ವಾರ ಏನೂ ಇಲ್ಲ. ಫೋನನ್ನು ಗೋಡೆಗೆ ಒರಗಿಸಿ ಅವರವರ ಕೆಲಸ ಮಾಡಿಕೊಳ್ಳುತ್ತೇವೆ. ಲಿಫ್ಟಿನವನು ಬಟ್ಟೆ ಇಸ್ತ್ರಿ ಮಾಡುತ್ತಾನೆ. ನಾನು ಸೋಫಾ ಕವರಿನ ಅಂಚಿಗೆ ಪೈಪಿಂಗ್ ಹೊಲಿಯುತ್ತೇನೆ.

ಮರದ ಪುಡಿ ಇವರ ಎದೆಯಲ್ಲಿ ಕೂತು ಆಸ್ಪತ್ರೆ ಸೇರಿದಾಗ ಮಾತನಾಡಲು ಉಸಿರು ಸಾಲುತ್ತಿರಲಿಲ್ಲ. ಇವರಿಗೆ ಮಾತಿಲ್ಲ ಎಂದು ಕಟ್ಟೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ದನಿ ಮುಚ್ಚಿ, ಉತ್ತರವನ್ನು ಕಾಗದದಲ್ಲಿ ಬರೆದು ಹಿಡಿದು ಆಡಿದರು. ಇವರ ಭುಜ ನಗುವಿನಿಂದ ಕುಲುಕುವುದನ್ನು ನೋಡಿ ನರ್ಸು ಬೈದಳು. ದೊಡ್ಡವರೂ ಆಸ್ಪತ್ರೆಗೆ ಬಂದರು. ಹಣ್ಣು ಇಟ್ಟರು, ಗಡಿಯಾರ ನೋಡಿದರು, ಹೋದರು. ನಿನಗೆ ಹಾಸ್ಟೆಲಿನ ಹುಡುಗಿಯರ ಪರೀಕ್ಷೆಯ ಸಮಯ, ಬರಲಾಗಲಿಲ್ಲ. ದೂರುತ್ತಿಲ್ಲ. ಇವರ ಜೊತೆ ಒಂದು ಆಟ ಆಡು ಎಂದು ನಿನಗೂ ಆಗ ಲಿಂಕ್ ಕಳಿಸಿದ್ದೆ. ನೀನು ಒತ್ತಲಿಲ್ಲ.

ಇವರು ಹೋದ ಮೇಲಿನ ಭಾನುವಾರ ಇವರ ಫೋನು ಹೊಡೆದುಕೊಂಡಿತು. ಆಫ್ ಮಾಡಲು ಹೋಗಿ ಒಳಗೆ ಹೋದೆ. ಎಲ್ಲರೂ ಟೀ ಲೋಟ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ನನ್ನ ಮುಖದ ಕೆಳಗೆ ಇವರ ಅಡ್ಡಹೆಸರು ಕಾಣುತ್ತಿತ್ತು: ಉಳಿ. ಬಡಗಿಗೆ ಇನ್ನೇನು ಹೆಸರಿಡುತ್ತಾರೆ. ಹೆಸರು ಬದಲಾಯಿಸುವುದು ಹೇಗೆ ಎಂದು ಕೇಳಿದೆ. ಕಂಡಕ್ಟರು ಹೇಳಿದರು: "ಯಾಕಮ್ಮ ಬದಲಾಯಿಸ್ತೀಯ? ಉಳಿ ಅಂದ್ರೆ ಕೆತ್ತೋದು ಒಂದೇ ಅಲ್ಲ, ಎದ್ದು ಹೋಗಬೇಡ ಅಂತಾನೂ ಆಗುತ್ತೆ."

ಹಾಗಾಗಿ ಎದ್ದು ಹೋಗುವುದಿಲ್ಲ. ಈ ಮಾತನ್ನು ದೊಡ್ಡವರಿಗೆ ನೀನೇ ಹೇಳಬಹುದು.

ಅಕ್ಕ


ಮಾರ್ಚ್ 20

ಅಕ್ಕನಿಗೆ,

ನಿನ್ನ ಕಾಗದ ಓದಿ ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ಮೊಮ್ಮಕ್ಕಳಿಗೆ ಮದುವೆ ಮಾಡಿದ್ದೇನೆ ಎಂದು ಆ ಕಂಡಕ್ಟರು ಹೇಳಿದರು, ನೀನು ನಂಬಿದೆ. ಕ್ಯಾಮೆರಾದಲ್ಲಿ ಕಾಣುವುದು ಮುಖ ಮತ್ತು ಹಿಂದಿನ ಒಂದು ಗೋಡೆ. ಆ ಗೋಡೆಯ ಆಚೆ ಏನಿದೆ ಎಂದು ಯಾರಿಗೆ ಗೊತ್ತು? ನನ್ನ ಹಾಸ್ಟೆಲಿನ ಹುಡುಗಿಯರು ಇಂಥ ಗೆಳೆತನಗಳಿಂದ ಅತ್ತುಕೊಂಡು ನನ್ನ ರೂಮಿಗೆ ಬರುವುದನ್ನು ನೋಡಿದವಳು ನಾನು. ಅವರಿಗೆ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಕೈಗೆ ಸಿಗದವರು ಕಷ್ಟಕ್ಕೂ ಸಿಗುವುದಿಲ್ಲ.

ಇಷ್ಟಕ್ಕೂ ಒಂಟಿತನ ಎಂದರೆ ಇಲ್ಲಿಗೆ ಬಾ. ಹಾಸ್ಟೆಲಿನಲ್ಲಿ ಪರದೆ, ದಿಂಬಿನ ಚೀಲ, ಹಾಸಿಗೆ ಹೊದಿಕೆ ಎಂದು ವರ್ಷವಿಡೀ ಹೊಲಿಗೆ ಇರುತ್ತದೆ. ನನ್ನ ರೂಮಿನಲ್ಲಿ ಇನ್ನೊಂದು ಮಂಚ ಹಿಡಿಯುತ್ತದೆ. ನಾನು ಇಲ್ಲವೇ ನಿನಗೆ?

ದೊಡ್ಡವರಿಗೆ ನಾನು ಏನೂ ಹೇಳುವುದಿಲ್ಲ. ಅವರು ಕೇಳಿದರೆ, ಮಾತನಾಡಿದ್ದೇನೆ, ಸ್ವಲ್ಪ ಕಾಯಿರಿ ಎನ್ನುತ್ತೇನೆ.

ತಂಗಿ


ಏಪ್ರಿಲ್ 2

ಪ್ರೀತಿಯ ತಂಗಿಗೆ,

ಮಂಚದ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಲ್ಲಿ ಆದದ್ದನ್ನು ಕೇಳು.

ಕಟ್ಟೆಗೆ ಹೊಸಬರೊಬ್ಬರು ಬರತೊಡಗಿದ್ದಾರೆ. ಮುಖ ತೋರಿಸುವುದಿಲ್ಲ, ಮಾತಿಲ್ಲ. ಹೆಸರಿನ ಜಾಗದಲ್ಲಿ ಒಂದು ಚುಕ್ಕೆ ಮಾತ್ರ. ಹಳೆಯ ಲಿಂಕ್ ಯಾರ ಬಳಿಯೋ ಉಳಿದಿರಬೇಕು. ಲಿಫ್ಟಿನವನು ಹೊರಗೆ ಹಾಕೋಣ ಎಂದ. ಕಂಡಕ್ಟರು ಬಿಡಲಿಲ್ಲ. "ನಾನೂ ಟಿಕೆಟ್ ಇಲ್ದೆ ಹತ್ತಿದವನೇ ಕಣಪ್ಪ. ಇರ್ಲಿ ಬಿಡು, ನಿಂತ್ಕೊಂಡೇ ಬರ್ಲಿ" ಎಂದರು. ಈಗ ಅವರಿಗೆ ಚುಕ್ಕಿ ಎಂದು ಹೆಸರಾಗಿದೆ. ಆಟ ಶುರುವಾಗುವ ಮೊದಲು ಎಲ್ಲರೂ "ಏನು ಚುಕ್ಕಿ, ಚೆನ್ನಾಗಿದ್ದೀರಾ?" ಎಂದು ಕೇಳುತ್ತೇವೆ. ಉತ್ತರ ಬರುವುದಿಲ್ಲ. ಆದರೂ ಎದ್ದು ಹೋಗುವುದಿಲ್ಲ.

ಇನ್ನೊಂದು ಸುದ್ದಿ. ಇವರ ಉಪಕರಣದ ಪೆಟ್ಟಿಗೆ ತೆಗೆದು ನಾನು ಒಂದು ಸ್ಟೂಲು ಮಾಡುತ್ತಿದ್ದೇನೆ. ಲಿಫ್ಟಿನವನು ಫೋನಿನಲ್ಲಿ ನೋಡಿ ಹೇಳಿಕೊಡುತ್ತಾನೆ. ಒಂದು ಕಾಲು ಗಿಡ್ಡ ಬಂದಿದೆ. ಅದನ್ನು ಸರಿಮಾಡಲು ಹೋಗಿ ಉಳಿದ ಕಾಲುಗಳೂ ಗಿಡ್ಡವಾಗುತ್ತಿವೆ. ಡಾಕ್ಟರಮ್ಮ "ಹೀಗೇ ಕುಯ್ತಾ ಹೋದ್ರೆ ಕೊನೆಗೆ ಮಣೆ ಆಗುತ್ತೆ" ಎಂದರು. ಕಂಡಕ್ಟರು "ಮಣೆ ಆದ್ರೂ ಸರಿ, ಅದರ ಮೇಲೆ ಮೊದಲು ಕೂರೋ ಹಕ್ಕು ನಂದು, ಸೀಟ್ ರಿಸರ್ವ್" ಎಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಅದಾಗಿ ಎರಡು ದಿನಕ್ಕೆ ದೊಡ್ಡವರು ಮೆಟ್ಟಿಲು ಹತ್ತಿ ಬಂದರು. ಕುಳಿತುಕೊಳ್ಳಿ ಎಂದರೆ ಕೂರಲಿಲ್ಲ.

"ಯಾರೋ ಕಂಡಕ್ಟರ್ ಬಂದು ನನ್ನ ತಮ್ಮನ ಸ್ಟೂಲ್ ಮೇಲೆ ಕೂರ್ತಾನಂತೆ?"

"ಅದು ನಾನು ಮಾಡ್ತಿರೋ ಸ್ಟೂಲು."

"ಉಳಿ ಅವಂದು."

"ಅವರದೇ. ಅದಕ್ಕೇ ತುಕ್ಕು ಹಿಡೀಬಾರದು ಅಂತ."

"ಬಾಯಿ ಬಂದಿದೆ ನಿಂಗೆ. ಮೊದಲು ಹೀಗಿರ್ಲಿಲ್ಲ."

"ಮೊದಲು ಮಾತಾಡೋಕೆ ಅವರಿದ್ರು."

ನೀನು ನಂಬುವುದಿಲ್ಲ, ಇದೆಲ್ಲ ನಾನೇ ಆಡಿದ ಮಾತು. ಅವರು ಮುಖ ಕೆಂಪು ಮಾಡಿಕೊಂಡು ಹೇಳಿದರು: "ನನ್ನ ಸೂರಿನ ಕೆಳಗೆ ಈ ತಮಾಷೆ ನಡಿಯಲ್ಲ. ಆ ಗುಂಪಾದ್ರೂ ಬಿಡು, ಈ ರೂಮಾದ್ರೂ ಬಿಡು. ಬರೋ ತಿಂಗಳು ಕಳೆಯೋದ್ರೊಳಗೆ ಹೇಳು." ಕೆಳಗಿಳಿದು ಹೋಗಿ ವೈಫೈ ಪಾಸ್‌ವರ್ಡ್ ಬದಲಾಯಿಸಿದರು.

ಒಂದು ಮಾತು ಮಾತ್ರ ಬಗೆಹರಿಯುತ್ತಿಲ್ಲ. ನಾನು ಕಿವಿಗೆ ವೈರ್ ಹಾಕಿಕೊಂಡು ಕೂರುತ್ತೇನೆ. ನನ್ನ ನಗು ಅವರಿಗೆ ಕೇಳಬಹುದು. ಕಂಡಕ್ಟರ ಮಾತು ಕೇಳಿದ್ದು ಹೇಗೆ?

ವೈಫೈ ಹೋದರೆ ಹೋಗಲಿ. ಎದುರಿನ ಬಸ್ ಸ್ಟಾಪಿನಲ್ಲಿ ಪುಕ್ಕಟೆ ವೈಫೈ ಇದೆ. ಕಳೆದ ಭಾನುವಾರ ಅಲ್ಲಿಯ ಬೆಂಚಿನ ಮೇಲೆ ಕುಳಿತೆ, ಅಂಗಡಿಗೆ ನೇರ ಎದುರಿಗೆ. ನಗು ಬಂದಾಗ ಬಾಯಿಗೆ ಕೈ ಹೋಯಿತು. ಕೈಯನ್ನು ಇಳಿಸಿ ಕೆಳಗೆ ಇಟ್ಟುಕೊಂಡೆ.

ಅಕ್ಕ


ಏಪ್ರಿಲ್ 10

ಅಕ್ಕನಿಗೆ,

ಬೀದಿಯಲ್ಲಿ ಕುಳಿತು ನಗುವ ಹಟ ಯಾಕೆ? ಅದೂ ಆ ಗಾಳಿಯಲ್ಲಿ, ಮೈಮೇಲೆ ಒಂದು ಶಾಲೂ ಇಲ್ಲದೆ. ಬಸ್ಸು ಬಂದು ನಿಂತಾಗಲೆಲ್ಲ ಡ್ರೈವರು ನೀನು ಹತ್ತುತ್ತೀಯೆಂದು ಕಾಯುವುದು, ನೀನು ಕೈಯಾಡಿಸಿ ಕಳಿಸುವುದು. ಜನ ಏನೆಂದುಕೊಳ್ಳಬೇಡ?

ಆ ಚುಕ್ಕಿಯ ವಿಷಯದಲ್ಲಿ ನೀವು ಸುಮ್ಮನೆ ಅನುಮಾನ ಪಡುವುದು ಸರಿಯಲ್ಲ. ಬಾಯಿ ಬಿಡದವರೆಲ್ಲ ಕಳ್ಳರಲ್ಲ. ಭಾನುವಾರ ಸಂಜೆ ಎಷ್ಟೋ ಜನರಿಗೆ ಹೋಗಲು ಜಾಗವಿರುವುದಿಲ್ಲ. ಇಲ್ಲಿ ಹುಡುಗಿಯರೆಲ್ಲ ಹೊರಗೆ ಹೋಗುತ್ತಾರೆ. ಅಷ್ಟುದ್ದದ ಕಾರಿಡಾರಿನಲ್ಲಿ ಒಣಹಾಕಿದ ಟವೆಲ್ಲುಗಳು ಬಿಟ್ಟರೆ ಯಾರೂ ಇರುವುದಿಲ್ಲ. ನಿಮ್ಮ ಚುಕ್ಕಿಯೂ ಅಂಥವರೇ ಯಾರೋ ಇರಬಹುದು. ಸುಮ್ಮನೆ ಕೇಳಿಕೊಂಡಿರಲಿ ಬಿಡಿ.

ಸ್ಟೂಲಿನ ಗಿಡ್ಡ ಕಾಲನ್ನು ಇನ್ನು ಕುಯ್ಯಬೇಡ. ಕೆಳಗೆ ಒಂದು ರಬ್ಬರಿನ ತುಂಡು ಅಂಟಿಸು.

ತಿಂಗಳು ಕಳೆಯುವುದರೊಳಗೆ ಇಲ್ಲಿಗೆ ಬಂದುಬಿಡು. ಮಂಚಕ್ಕೆ ಹೇಳಿದ್ದೇನೆ.

ತಂಗಿ


ಏಪ್ರಿಲ್ 24

ಅಕ್ಕ,

ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ಕೋಪವೇ? ನೀನು ಆರೋಗ್ಯವಾಗಿದ್ದೀಯ ಎಂದು ಗೊತ್ತು. ಆದರೂ ಎರಡು ಸಾಲು ಬರೆ. ಮಂಚ ಬಂದಿದೆ, ಗೋಡೆಗೆ ಒರಗಿಸಿ ಇಟ್ಟಿದ್ದೇನೆ.

ತಂಗಿ


ಮೇ 1

ತಂಗಿಗೆ,

ಕವರಿನ ಮೇಲೆ ಬರೆದ ವಿಳಾಸ ನೋಡಿಕೋ. ಇನ್ನು ಇಲ್ಲಿಗೆ ಬರೆ.

ನಾನು ಆರೋಗ್ಯವಾಗಿದ್ದೇನೆ ಎಂದು ನಿನಗೆ ಗೊತ್ತು ಎಂದೆಯಲ್ಲ. ಹೇಗೆ ಗೊತ್ತು ಎಂಬುದು ನನಗೂ ಗೊತ್ತು. ಬಸ್ ಡ್ರೈವರು ಕಾಯುತ್ತಿದ್ದದ್ದು, ನಾನು ಕೈಯಾಡಿಸಿದ್ದು ನಾನು ಬರೆದಿರಲಿಲ್ಲ. ಶಾಲು ಇರಲಿಲ್ಲ ಎಂದೂ ಬರೆದಿರಲಿಲ್ಲ. ಆದರೂ ಅನುಮಾನಿಸಲು ಮನಸ್ಸಾಗಲಿಲ್ಲ. ಚುಕ್ಕಿಯ ಪರವಾಗಿ ನೀನು ಅಷ್ಟು ವಾದ ಮಾಡಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಒಂದು ಕ್ಷಣ ಅನ್ನಿಸಿತು. ಇರಲಾರದು ಎಂದುಕೊಂಡೆ.

ಕಳೆದ ಭಾನುವಾರ ನನ್ನ ಸರದಿ ಬಂದಾಗ ನಾನು ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವುದನ್ನೇ ಕ್ಯಾಮೆರಾಕ್ಕೆ ಹಿಡಿದೆ. ಲಿಫ್ಟಿನವನು ಜರಡಿ ಎಂದ. ಡಾಕ್ಟರಮ್ಮ ಜೇನುಗೂಡು ಎಂದರು. ಕಂಡಕ್ಟರು "ಚಂದ್ರನ ಹಿಂಭಾಗ" ಎಂದರು. ಅಷ್ಟರಲ್ಲಿ ಚುಕ್ಕಿ ಮೊದಲ ಸಲ ಕೆಳಗೆ ಒಂದು ಪದ ಬರೆದಳು.

ಬೆರಳಟೋಪಿ.

ಲಿಫ್ಟಿನವನು "ಹಾಗಂದ್ರೇನು?" ಎಂದ. ಡಾಕ್ಟರಮ್ಮ "ಅಂಗುಸ್ತಾನಾನಾ?" ಎಂದರು. ಅಂಗುಸ್ತಾನವೇ. ಅಂಗಡಿಯಲ್ಲಿ, ಹೊಲಿಗೆಯವರಲ್ಲಿ ಎಲ್ಲರೂ ಹಾಗೆಯೇ ಅನ್ನುತ್ತಾರೆ. ಈ ಪ್ರಪಂಚದಲ್ಲಿ ಅದನ್ನು ಬೆರಳಟೋಪಿ ಎಂದು ಕರೆದವಳು ಒಬ್ಬಳೇ, ನಮ್ಮ ಅಮ್ಮ. ಕೇಳಿಸಿಕೊಂಡವರು ನಾವಿಬ್ಬರು. ನಾನು ಬಾಯಿ ತೆರೆಯುವ ಮೊದಲೇ ಚುಕ್ಕೆ ಮಾಯವಾಯಿತು.

ಆಗಲೇ ಎಲ್ಲ ಅರ್ಥವಾಯಿತು. ಕಂಡಕ್ಟರ ಸ್ಟೂಲಿನ ಮಾತು ಗೋಡೆ ದಾಟಿ ಹೋಗಿರಲಿಲ್ಲ. ನಿನ್ನ ಊರಿಗೆ ಹೋಗಿ, ಅಲ್ಲಿಂದ ದೊಡ್ಡವರ ಕಿವಿಗೆ ಬಂದಿತ್ತು. ಅವರಿಗೆ ಏನೂ ಹೇಳುವುದಿಲ್ಲ ಎಂದು ಕೈಯಾರೆ ಬರೆದಿದ್ದೆ ನೀನು.

ಇವರು ಆಸ್ಪತ್ರೆಯಲ್ಲಿ ಇದ್ದಾಗ ಆಡಲು ಬಾ ಎಂದು ಕಳಿಸಿದ ಲಿಂಕ್ ಅದು. ಆಗ ನೀನು ಬರಲಿಲ್ಲ. ಕಾವಲು ಕಾಯಲು ಬಂದೆ.

ಮರುದಿನ ಬೆಳಗ್ಗೆ ಎದ್ದು ದೊಡ್ಡವರ ಅಂಗಡಿಗೆ ಇಳಿದೆ. ಒಪ್ಪಿಕೊಂಡಿದ್ದ ಕವರ್‌ಗಳನ್ನೆಲ್ಲ ಮಡಚಿ ಅವರ ಮೇಜಿನ ಮೇಲೆ ಇಟ್ಟೆ. "ರೂಮು ಬಿಡ್ತೀನಿ" ಎಂದೆ. ಅವರಿಗೆ ಇದು ಬೇಕಿರಲಿಲ್ಲ. ಗುಂಪು ಬಿಡುತ್ತೇನೆ ಎಂದುಕೊಂಡಿದ್ದರು. "ಎಲ್ಲಿಗೆ ಹೋಗ್ತೀಯ? ಯಾರಿದ್ದಾರೆ ನಿಂಗೆ?" ಎಂದರು.

"ಇದ್ದಾರೆ."

"ಫೋನಿನೊಳಗಿರೋರಾ? ನಾಳೆ ಗಂಜಿ ಕಾಯಿಸ್ಕೊಡ್ತಾರಾ ಅವರು?"

"ಇಲ್ಲ. ಗಂಜಿ ನಾನೇ ಕಾಯಿಸ್ಕೋತೀನಿ. ಅವರು ಜೊತೆಗೆ ಕೂರ್ತಾರೆ."

ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುವವರು ಬೇಕಾಗಿದ್ದರು. ಡಿಪೋಗಳಲ್ಲಿ ಆ ಕೆಲಸ ಯಾವಾಗಲೂ ಇರುತ್ತದೆ, ಬಾಗಿಲಲ್ಲೇ ಕೇಳು, ಆಫೀಸಿಗೆ ಹೋಗಬೇಡ ಎಂದು ಹೇಳಿಕೊಟ್ಟವರು ಕಂಡಕ್ಟರು. ಬಾಗಿದ ಸೂಜಿಯಲ್ಲಿ ಹೊಲಿಯುವುದನ್ನು ಅಲ್ಲಿಯವರು ನಿಂತು ನೋಡಿದರು, ಆಮೇಲೆ ನಾಳೆಯಿಂದ ಬಾ ಎಂದರು. ಡಿಪೋದ ಹಿಂದಿನ ಬೀದಿಯಲ್ಲಿ ಒಂದು ರೂಮು ಸಿಕ್ಕಿತು. ಕಿಟಕಿ ತೆರೆದರೆ ಟಯರಿನ ರಾಶಿ ಕಾಣುತ್ತದೆ. ಕೈಗೆ ಸಿಗದವರು ಕಷ್ಟಕ್ಕೂ ಸಿಗುವುದಿಲ್ಲ ಎಂದು ಬರೆದಿದ್ದೆ. ನನಗೆ ಸಿಕ್ಕಿದ್ದು ಅವರೇ.

ಚುಕ್ಕಿ ಯಾರೆಂದು ಕಟ್ಟೆಯಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ಮಾನ ಕಾಪಾಡಲು ಅಲ್ಲ. ನನ್ನ ತಂಗಿ ಹೀಗೆ ಮಾಡಿದಳು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಮಂಚವನ್ನು ವಾಪಸ್ ಕಳಿಸು.

ಅಕ್ಕ


ಮೇ 12

ಅಕ್ಕನಿಗೆ,

ಬರೆದು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಹೌದು, ನಾನೇ. ದೊಡ್ಡವರು ಕೇಳಿದರು, ನೀನು ಒಳಗೆ ಹೋಗಿ ನೋಡಮ್ಮ, ಅದೆಂಥ ಜನ ಎಂದು. ನಿನ್ನ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಟೂಲಿನ ಮಾತನ್ನು ನಾನೇ ಹೇಳಿದೆ. ಕಂಡಕ್ಟರು ಹೇಗೆ ಹೇಳಿದರು, ಎಲ್ಲರೂ ಹೇಗೆ ನಕ್ಕರು ಎಂಬುದನ್ನು ಬಿಟ್ಟು ಮಾತನ್ನು ಮಾತ್ರ ಹೇಳಿದೆ. ನಗು ತೆಗೆದರೆ ಆ ಮಾತು ಹೊಲಸಾಗಿ ಕೇಳಿಸುತ್ತದೆ ಎಂದು ನನಗೆ ಹೇಳುವಾಗಲೇ ಗೊತ್ತಿತ್ತು.

ನೀನು ಬಸ್ ಸ್ಟಾಪಿನಲ್ಲಿ ಕುಳಿತ ದಿನದಿಂದ ದೊಡ್ಡವರಿಗೆ ಏನೂ ಹೇಳಿಲ್ಲ. ಅವರ ಫೋನು ಬಂದರೆ ಎತ್ತಲಿಲ್ಲ. ಆದರೂ ಭಾನುವಾರ ಐದಕ್ಕೆ ಬಂದು ಕೂರುತ್ತಿದ್ದೆ. ಯಾರೂ ಕಳಿಸದೆ ಬರುತ್ತಿದ್ದೆ. "ಏನು ಚುಕ್ಕಿ, ಚೆನ್ನಾಗಿದ್ದೀರಾ?" ಎಂದು ನೀವು ಕೇಳುತ್ತಿದ್ದಿರಲ್ಲ, ಕ್ಯಾಮೆರಾ, ದನಿ ಎರಡೂ ಮುಚ್ಚಿಕೊಂಡು ನಾನು ಪ್ರತಿ ಸಲ ಉತ್ತರ ಹೇಳುತ್ತಿದ್ದೆ. ನಿಮಗೆ ಕೇಳಿಸುತ್ತಿರಲಿಲ್ಲ, ಅಷ್ಟೆ. ಅಂಗುಸ್ತಾನ ಕಂಡಾಗ ಕೈ ತಾನಾಗಿ ಬರೆಯಿತು. ನಾನು ಮೊದಲು ಗೆಲ್ಲಬೇಕು ಎಂದಷ್ಟೇ ಆ ಹೊತ್ತಿನಲ್ಲಿ ಇದ್ದದ್ದು.

ಇನ್ನೊಂದು ಹೇಳದೆ ಹೋದರೆ ಈ ಕಾಗದವೂ ಸುಳ್ಳಾಗುತ್ತದೆ. ಭಾವ ಹೋದ ಮೇಲೆ ನೀನು ಅತ್ತದ್ದೆಲ್ಲ ನನ್ನ ಮುಂದೆ. ವಾರವಾರ ಫೋನು ಮಾಡಿ ಅಳುತ್ತಿದ್ದೆ, ನಾನು ಕೇಳುತ್ತಿದ್ದೆ. ನಗುವ ಹೊತ್ತು ಬಂದಾಗ ಕಟ್ಟೆಯವರ ಹತ್ತಿರ ಹೋದೆ. ಅಳು ನನಗೆ, ನಗು ಅವರಿಗೆ. ದೊಡ್ಡವರು ಫೋನು ಮಾಡಿ ನಿಮ್ಮಕ್ಕ ನಗುತ್ತಾಳೆ ಎಂದಾಗ ನನಗೆ ನಾಚಿಕೆಯಾಗಲಿಲ್ಲ ಅಕ್ಕ. ಹೊಟ್ಟೆ ಉರಿಯಿತು.

ಮಂಚ ವಾಪಸ್ ಕಳಿಸಿಲ್ಲ. ಕಳಿಸುವುದೂ ಇಲ್ಲ.

ತಂಗಿ


ಮೇ 26

ತಂಗಿಗೆ,

ನಿನ್ನ ಕಾಗದವನ್ನು ಡಿಪೋದಲ್ಲಿ ಒಂದು ಮುರುಕು ಬಸ್ಸಿನೊಳಗೆ ಕುಳಿತು ಓದಿದೆ. ಸಿಟ್ಟು ಹೋಗಿಲ್ಲ. ಸ್ವಲ್ಪ ದಿನ ಇಟ್ಟುಕೊಳ್ಳುತ್ತೇನೆ. ನಾನು ಹೆಚ್ಚು ಸಿಟ್ಟು ಮಾಡಿದವಳಲ್ಲ, ಇದು ಹೊಸದು, ಹೇಗಿರುತ್ತದೆ ನೋಡಬೇಕು.

ಮೊನ್ನೆ ಭಾನುವಾರ ದೊಡ್ಡವರ ಮನೆಯಿಂದ ಅತ್ತೆ ಬಂದರು. ನಾನಿರುವುದು ಮೂರನೆಯ ಮಹಡಿ. ಅವರ ಮಂಡಿ ನೋವು ನಿನಗೆ ಗೊತ್ತು. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಾರೆ. ನಾನು ಆಗಷ್ಟೇ ಕಟ್ಟೆಗೆ ಸೇರಿದ್ದೆ. ಬಾಗಿಲು ತೆರೆದೇ ಇತ್ತು. ಈಗ ತೆರೆದೇ ಇಡುತ್ತೇನೆ.

"ದೊಡ್ಡವನು ಕಳಿಸ್ದ, ಕರ್ಕೊಂಡು ಬಾ ಅಂತ" ಎಂದರು. ಏದುಸಿರು. ನೀರು ಕೊಟ್ಟೆ. ಕುಡಿದು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಫೋನಿನ ಕಡೆ ನೋಡಿದರು.

"ಇದೇನಾ ಅದು? ನೀವೆಲ್ಲ ಸೇರಿ ನಗ್ತೀರಂತಲ್ಲ."

"ಹೌದು ಅತ್ತೆ."

"ಅವನ ವಿಷಯಕ್ಕೂ ನಗ್ತೀರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅವರ ವಿಷಯಕ್ಕೇ ಜಾಸ್ತಿ" ಎಂದೆ.

ಅತ್ತೆ ಲೋಟವನ್ನು ಕೆಳಗೆ ಇಟ್ಟರು. ಕಿವಿಯ ವೈರ್ ಹಾಕಿರಲಿಲ್ಲ, ಕಟ್ಟೆಯವರಿಗೂ ಎಲ್ಲ ಕೇಳಿಸಿತ್ತು. ಆಮೇಲೆ ಅತ್ತೆ ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರು.

"ಏನಂತ ನಗ್ತೀರಿ? ನಂಗೂ ಹೇಳಿ. ಅಲ್ಲಿ ಮನೇಲಿ ಅವನ ಹೆಸರೇ ಎತ್ತಲ್ಲ ಯಾರೂ. ಎತ್ತಿದ್ರೆ ಅಮ್ಮನಿಗೆ ನೋವಾಗುತ್ತೆ ಅಂತಾರೆ. ನನ್ನ ಮಗ ಸತ್ತಿದ್ದು ಒಂದು ಸಲ. ದಿನಾ ಸುಮ್ಮನಿದ್ದು ಸುಮ್ಮನಿದ್ದು ದಿನಾ ಸಾಯಿಸ್ತಾರೆ."

ಕಂಡಕ್ಟರು ಗಂಟಲು ಸರಿಮಾಡಿಕೊಂಡು, "ಅಮ್ಮಾ, ನಿಮ್ಮ ಮಗ ಒಂದ್ಸಲ ಅಂಟಿನ ಡಬ್ಬ ಅಂತ ತಿಳ್ಕೊಂಡು ಜೇನುತುಪ್ಪ ಹಾಕಿ ಕುರ್ಚಿ ಜೋಡಿಸಿದ್ದು ಗೊತ್ತಾ ನಿಮಗೆ?" ಎಂದು ಶುರುಮಾಡಿದರು. ಮುಗಿಸುವ ಮೊದಲೇ ಲಿಫ್ಟಿನವನು ನಡುವೆ ಬಾಯಿ ಹಾಕಿ, ಜೇನಲ್ಲ, ಬೆಲ್ಲದ ಪಾಕ ಎಂದ. ಇಬ್ಬರಿಗೂ ಜಗಳ ಹತ್ತಿತು. ಡಾಕ್ಟರಮ್ಮ ಇರುವೆ ಸಾಲಿನ ಕತೆ ಹೇಳಿದರು. ಅತ್ತೆ ನಕ್ಕರು ಎಂದು ಬರೆದರೆ ಸರಿಯಾಗುವುದಿಲ್ಲ. ನಗುತ್ತಲೇ ಅತ್ತರು, ಅಳುತ್ತಲೇ "ಆಮೇಲೆ? ಆಮೇಲೇನಾಯ್ತು?" ಎಂದು ಕೇಳುತ್ತಿದ್ದರು. ಕಿಟಕಿಯ ಹೊರಗೆ ಡಿಪೋದ ಹುಡುಗರು ತಲೆ ಎತ್ತಿ ನೋಡಿದರು.

ಹೊರಡುವಾಗ ಅತ್ತೆ, "ದೊಡ್ಡವನಿಗೆ ಏನ್ ಹೇಳ್ಲಿ?" ಎಂದರು. "ನಾನು ಬರಲ್ಲ ಅನ್ನಿ" ಎಂದೆ. "ಅದು ಹೇಳ್ತೀನಿ" ಎಂದರು. ಬಾಗಿಲವರೆಗೆ ಹೋಗಿ ತಿರುಗಿ, "ಮುಂದಿನ ವಾರ ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಸಾವಿನ ಮನೆಯಲ್ಲಿ ನಗಬಾರದು ಎನ್ನುವವರಿಗೆ ನಾನು ಹೇಳುವುದು ಇಷ್ಟೇ. ಅವರ ಮನೆಯಲ್ಲಿ ಇವರು ಸತ್ತಿದ್ದಾರೆ. ನಮ್ಮ ಕಟ್ಟೆಯಲ್ಲಿ ಇವರು ಇನ್ನೂ ಜೇನೋ ಬೆಲ್ಲವೋ ಎಂದು ಜಗಳ ಹಚ್ಚುತ್ತಿದ್ದಾರೆ.

ನಿನ್ನ ಹೊಟ್ಟೆಯುರಿಯ ಮಾತು ನಿಜ. ನಿನಗೆ ಅಳು ಮಾತ್ರ ಕೊಟ್ಟೆ. ಅದು ನಾನಾಗಿ ಹಂಚಿದ್ದಲ್ಲ, ಆದರೂ ಹಾಗೆ ಆಯಿತು. ಆದರೆ ನಗು ಬೇಕಿದ್ದರೆ ಕೇಳಬೇಕಿತ್ತು ನೀನು, ಕದ್ದು ಕೇಳಬಾರದಿತ್ತು.

ಭಾನುವಾರ ಐದಕ್ಕೆ ಬಾ. ಮುಖ ತೆರೆದು ಬಾ. ನಾನು ಅವಳ ತಂಗಿ ಎಂದು ನೀನೇ ಹೇಳು, ನಾನು ಹೇಳಿಕೊಡುವುದಿಲ್ಲ. ಕಂಡಕ್ಟರು ಬೈಯುತ್ತಾರೆ, ಬೈಸಿಕೋ. ಕ್ಷಮೆ ಕೇಳಲು ಬರುವುದಾದರೆ ಬರಬೇಡ, ಅದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಡಲು ಬಾ.

ಅಕ್ಕ